ಮುಂದಿನ ಸೀಸನ್‌ಗೆ ಯಾವ ಜಾಗ ಗಟ್ಟಿ ಮಾಡಬೇಕು? ಬಾಸ್ಕೆಟ್‌ಬಾಲ್ ತಂಡ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಸೀಸನ್ ಮುಗಿದ ವಾರವೇ ಫೋನ್ ಶುರುವಾಗುತ್ತದೆ. ಬಾಗಲಕೋಟೆಯ ಒಬ್ಬ ಕೋಚ್, ವಿಜಯಪುರದ ಒಂದು ಕಾಲೇಜಿನ ಪಿಟಿ ಸರ್, ಇಲ್ಲೇ ಬೆಳಗಾವಿಯ ಕ್ಲಬ್ ಹುಡುಗರು. ಎಲ್ಲರದ್ದೂ ಒಂದೇ ಮಾತು: "ಸರ್, ಎತ್ತರದ ಹುಡುಗ ಯಾರಾದ್ರೂ ಇದ್ರ ಹೇಳ್ರಿ." ಯಾಕೆ ಅಂತ ಕೇಳಿದರೆ "ರಿಬೌಂಡ್ ಸಿಗವಲ್ದು" ಅನ್ನುತ್ತಾರೆ. ರಿಬೌಂಡ್ ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು.

ಎತ್ತರದ ಹುಡುಗ ಬರುತ್ತಾನೆ. ಮುಂದಿನ ವರ್ಷವೂ ಅದೇ ಸೋಲು, ಮತ್ತೆ ಅದೇ ಫೋನ್. ಡಿಗ್ರಿ ಓದುವ ಹುಡುಗನಿಗೆ ಸಿಗುವುದೇ ಮೂರೋ ನಾಲ್ಕೋ ಸೀಸನ್. ಅದರಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಹೋಯಿತು ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಪೂರ್ತಿ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದಯವಿಟ್ಟು ಹೆಜ್ಜೆಗಳನ್ನು ಹಿಂದೆ ಮುಂದೆ ಮಾಡಬೇಡಿ. ಟ್ರಯಲ್ ಮೊದಲು ಇಟ್ಟು, ಯಾವ ಜಾಗ ಖಾಲಿ ಇದೆ ಅಂತ ಆಮೇಲೆ ಯೋಚಿಸುವವರೇ ಜಾಸ್ತಿ. ಕೆಡುವುದು ಅಲ್ಲೇ.

ಶುರು ಮಾಡುವ ಮೊದಲು: ಬೇಕಾಗುವ ಸಾಮಾನು

ಒಂದು ಲಾಂಗ್ ನೋಟ್‌ಬುಕ್, ಎರಡು ಬಣ್ಣದ ಪೆನ್, ಕನಿಷ್ಠ 6 ಪಂದ್ಯಗಳ ಸ್ಕೋರ್‌ಶೀಟ್ ಪ್ರತಿ, ಅವೇ ಪಂದ್ಯಗಳ ಮೊಬೈಲ್ ವಿಡಿಯೊ. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಸ್ಕೋರ್‌ಶೀಟ್ ಒಂದೇ ಸಾಲುವುದಿಲ್ಲ. ಅದರಲ್ಲಿ ಯಾರು ಎಷ್ಟು ಅಂಕ ಮಾಡಿದರು, ಯಾವ ಕ್ವಾರ್ಟರ್‌ನಲ್ಲಿ ಯಾರಿಗೆ ಫೌಲ್ ಬಿತ್ತು ಅನ್ನುವುದು ಸಿಗುತ್ತದೆ. ಸಂಖ್ಯೆಯ ಸುತ್ತ ವೃತ್ತ ಇದ್ದರೆ ಅದು ಮೂರು ಅಂಕ, ಕಪ್ಪು ಚುಕ್ಕೆ ಇದ್ದರೆ ಫ್ರೀ ಥ್ರೋ, ಅಂದರೆ ಫೌಲ್‌ಗೆ ಸಿಗುವ, ಯಾರೂ ತಡೆಯದ ಒಂದಂಕದ ಶಾಟ್. ಆದರೆ ತಪ್ಪಿದ ಶಾಟ್, ರಿಬೌಂಡ್, ಕಳೆದುಕೊಂಡ ಚೆಂಡು ಯಾವುದೂ ಅದರಲ್ಲಿ ಇರುವುದಿಲ್ಲ. ತಂಡ ಸೋಲುವುದು ಹೆಚ್ಚಾಗಿ ಈ ಮೂರರಿಂದಲೇ, ಅಲ್ವಾ? ಹಾಗಾಗಿ ವಿಡಿಯೊ ಬೇಕೇ ಬೇಕು.

ವಿಡಿಯೊ ತೆಗೆಯುವವರಿಗೆ ಒಂದು ಮಾತು. ಚೆಂಡಿನ ಹಿಂದೆ ಮೊಬೈಲ್ ಓಡಿಸಬೇಡಿ. ಅರ್ಧ ಗೆರೆಯ ನೇರಕ್ಕೆ, ಗ್ಯಾಲರಿಯ ಮೇಲಿನ ಮೆಟ್ಟಿಲ ಮೇಲೋ ಪಕ್ಕದ ಕಟ್ಟಡದ ಮೊದಲ ಮಹಡಿಯಲ್ಲೋ ನಿಂತು ಹತ್ತೂ ಆಟಗಾರರು ಕಾಣುವ ಹಾಗೆ ಹಿಡಿಯಿರಿ. ಚೆಂಡಿಲ್ಲದ ಕಡೆ ಏನಾಯಿತು ಅನ್ನುವುದೇ ನಮಗೆ ಬೇಕಾದ್ದು.

ಹೆಜ್ಜೆ 1: ಒಂದು ವಾರ ಸುಮ್ಮನಿರಿ, ಆಮೇಲೆ ಪಂದ್ಯ ಆರಿಸಿ

ಕೊನೆಯ ಪಂದ್ಯ ಸೋತ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ. ಕೊನೆಯ ನಿಮಿಷದಲ್ಲಿ ಎರಡು ಫ್ರೀ ಥ್ರೋ ತಪ್ಪಿಸಿದ ಹುಡುಗನೇ ಕಣ್ಣ ಮುಂದೆ ಇರುತ್ತಾನೆ. ಇಡೀ ವರ್ಷದ ತಪ್ಪನ್ನು ಅವನ ತಲೆಗೆ ಕಟ್ಟುತ್ತೇವೆ.

ವಾರ ಕಳೆದ ಮೇಲೆ ಪಂದ್ಯಗಳನ್ನು ಆರಿಸಿ. 30ಕ್ಕಿಂತ ಹೆಚ್ಚು ಅಂಕದಿಂದ ಗೆದ್ದದ್ದು, ಸೋತದ್ದು ಎರಡನ್ನೂ ಬದಿಗಿಡಿ. ಅಂಥ ಪಂದ್ಯದಲ್ಲಿ ಎರಡನೇ ಹಾಫ್ ಪೂರ್ತಿ ಬೆಂಚಿನ ಹುಡುಗರೇ ಆಡಿರುತ್ತಾರೆ. ನಿಮ್ಮ ಸಮಬಲದ ತಂಡಗಳ ಜೊತೆ ಆಡಿದ ಪಂದ್ಯಗಳೇ ನಿಜ ಹೇಳುವುದು.

ಹೆಜ್ಜೆ 2: ನಾಲ್ಕು ಲೆಕ್ಕ ತೆಗೆಯಿರಿ

ಯಾವ ಜಾಗ ಅಂತ ಕೇಳುವ ಮೊದಲು ಯಾವ ಕೆಲಸದಲ್ಲಿ ಸೋಲುತ್ತಿದ್ದೇವೆ ಅಂತ ಗೊತ್ತಾಗಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಅಂಥ ಕೆಲಸ ಮುಖ್ಯವಾಗಿ ನಾಲ್ಕು: ಶಾಟ್ ಬೀಳುವುದು, ಚೆಂಡು ಉಳಿಸಿಕೊಳ್ಳುವುದು, ರಿಬೌಂಡ್, ಫ್ರೀ ಥ್ರೋ. ನಾಲ್ಕನ್ನೂ ನಮಗೂ ಎದುರಾಳಿಗೂ ಬೇರೆ ಬೇರೆ ಬರೆಯಬೇಕು.

ಮೊದಲು ಚೆಂಡು ಎಷ್ಟು ಸಲ ನಮ್ಮ ಕೈಗೆ ಬಂತು ಅಂತ ಲೆಕ್ಕ ಹಾಕಿ. ಇದಕ್ಕೆ ಪೊಸೆಷನ್ ಅನ್ನುತ್ತಾರೆ. ಸೂತ್ರ ಸುಲಭ: ಎಸೆದ ಶಾಟ್, ಅದಕ್ಕೆ ಫ್ರೀ ಥ್ರೋಗಳನ್ನು 0.44ರಿಂದ ಗುಣಿಸಿ ಕೂಡಿಸಿ, ಟರ್ನೋವರ್ (ಶಾಟ್ ಎಸೆಯದೆಯೇ ಕಳೆದುಕೊಂಡ ಚೆಂಡು) ಕೂಡಿಸಿ, ಎದುರಾಳಿಯ ಬೋರ್ಡ್‌ನಲ್ಲಿ, ಅಂದರೆ ನಮ್ಮದೇ ಶಾಟ್ ತಪ್ಪಿದಾಗ, ನಾವು ಹಿಡಿದ ರಿಬೌಂಡ್ ಕಳೆಯಿರಿ. ಫ್ರೀ ಥ್ರೋ ಸಾಮಾನ್ಯವಾಗಿ ಎರಡೆರಡಾಗಿ ಬರುತ್ತದೆ. ಬಾಸ್ಕೆಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋ ಕೂಡ ಇರುತ್ತದೆ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಹಿಡಿಯುವುದು.

ಒಂದು ಪಂದ್ಯ ಹೀಗಿತ್ತು ಅಂದುಕೊಳ್ಳಿ. ನಾವು 62 ಶಾಟ್ ಎಸೆದೆವು, 22 ಬಿದ್ದವು, ಅದರಲ್ಲಿ 4 ಮೂರಂಕದ್ದು. ಫ್ರೀ ಥ್ರೋ 14 ಸಿಕ್ಕಿ 8 ಬಿದ್ದವು. ಎದುರಾಳಿಯ ಬೋರ್ಡ್‌ನಲ್ಲಿ 9 ರಿಬೌಂಡ್ ಹಿಡಿದೆವು. ಟರ್ನೋವರ್ 21. ಲೆಕ್ಕ ಹಾಕಿದರೆ ಸುಮಾರು 80 ಪೊಸೆಷನ್. ಅಂಕ 56. ಎದುರಾಳಿ 63 ಮಾಡಿ ಗೆದ್ದರು.

ಈಗ ನೋಡಿ. 80ರಲ್ಲಿ 21 ಸಲ ಶಾಟ್ ಎಸೆಯದೆಯೇ ಚೆಂಡು ಕೊಟ್ಟಿದ್ದೇವೆ. ನಾಲ್ಕಕ್ಕೆ ಒಂದು ಸಲಕ್ಕಿಂತ ಜಾಸ್ತಿ. ಪಂದ್ಯ ನೋಡಿದವರು "ಶೂಟರ್ ಇಲ್ಲ" ಅಂದಿರುತ್ತಾರೆ. ಕಾಗದ ಬೇರೆಯೇ ಹೇಳುತ್ತಿದೆ.

ಶಾಟ್ ಲೆಕ್ಕದಲ್ಲಿ ಮೂರಂಕದ ಶಾಟ್ ಒಂದು ಬಿದ್ದರೆ ಒಂದೂವರೆ ಅಂತ ಹಿಡಿಯಿರಿ. ಮೇಲಿನ ಪಂದ್ಯದಲ್ಲಿ 22ಕ್ಕೆ ಇನ್ನೆರಡು ಕೂಡಿಸಿ 24. ಅದನ್ನು 62ರಿಂದ ಭಾಗಿಸಿದರೆ ನೂರಕ್ಕೆ 39ರ ಹತ್ತಿರ. ಇದು ಕಡಿಮೆಯೇ. ಆದರೆ ಶಾಟ್ ತಪ್ಪಿದರೆ ಶೂಟರ್ ಬೇಕು ಅಂತ ಹಾರಬೇಡಿ. ಪ್ರತಿ ತಪ್ಪಿದ ಶಾಟ್ ಯಾವಾಗ ಎಸೆದದ್ದು ನೋಡಿ. ಶಾಟ್ ಎಸೆಯಲು ಇರುವ 24 ಸೆಕೆಂಡಿನಲ್ಲಿ ಕೊನೆಯ ಐದಾರು ಸೆಕೆಂಡಿಗೆ ಅವಸರದಲ್ಲಿ ಎಸೆದದ್ದೇ ಹೆಚ್ಚಿದ್ದರೆ, ಚೆಂಡು ಸರಿಯಾದ ಜಾಗಕ್ಕೆ ತಡವಾಗಿ ಬರುತ್ತಿದೆ ಅಂತ ಅರ್ಥ. ಅದು ಪಾಸ್ ಕೊಡುವವನ ಕೊರತೆ. ಎದುರಿಗೆ ಯಾರೂ ಇಲ್ಲದೆ, ಕಾಲು ಊರಿ ಎಸೆದೂ ತಪ್ಪಿದರೆ ಮಾತ್ರ ಶೂಟರ್ ಕೊರತೆ.

ರಿಬೌಂಡ್‌ನಲ್ಲಿ ಬರೀ ಸಂಖ್ಯೆ ಎಣಿಸಬೇಡಿ. ಎದುರಾಳಿ ತಪ್ಪಿಸಿದ 10 ಶಾಟ್‌ನಲ್ಲಿ ಎಷ್ಟು ನಮ್ಮ ಕೈಗೆ ಬಂತು ಅಂತ ನೋಡಿ. 7 ಬಂದರೆ ಪರವಾಗಿಲ್ಲ. 5 ಅಥವಾ 6ಕ್ಕೆ ಇಳಿದರೆ ತೊಂದರೆ ಇದೆ. ಯಾರ ತೊಂದರೆ ಅನ್ನುವುದು ಹೆಜ್ಜೆ 4ರಲ್ಲಿ.

ಹೆಜ್ಜೆ 3: ಯಾರು ಒಳಗಿದ್ದಾಗ ಮುರಿಯಿತು?

ಹೆಚ್ಚಿನ ತಂಡಗಳು ಈ ಹೆಜ್ಜೆಯನ್ನೇ ಬಿಡುತ್ತವೆ. ನನ್ನ ಪ್ರಕಾರ ಅತಿ ಬೆಲೆಯುಳ್ಳದ್ದು ಇದೇ.

ನೋಟ್‌ಬುಕ್‌ನಲ್ಲಿ ಪ್ರತಿ ಬದಲಾವಣೆಗೆ ಒಂದು ಸಾಲು ಹಾಕಿ. ಯಾವ ಐದು ಜನ ಒಳಗಿದ್ದರು, ಎಷ್ಟು ನಿಮಿಷ ಆಡಿದರು, ಆ ಹೊತ್ತಿನಲ್ಲಿ ನಾವು ಎಷ್ಟು, ಅವರು ಎಷ್ಟು. ಒಂದು ಪಂದ್ಯಕ್ಕೆ ಹದಿನೈದಿಪ್ಪತ್ತು ಸಾಲು ಆಗುತ್ತದೆ. ಬೇಸರದ ಕೆಲಸ ಹೌದು. ಇಬ್ಬರು ಕೂತರೆ ಬೇಗ ಮುಗಿಯುತ್ತದೆ, ಒಬ್ಬರು ವಿಡಿಯೊ ನೋಡಿ ಹೇಳುವುದು, ಇನ್ನೊಬ್ಬರು ಬರೆಯುವುದು.

ಮೇಲಿನ ಪಂದ್ಯವನ್ನೇ ತೆಗೆದುಕೊಳ್ಳಿ. ನಾವು ಸೋತದ್ದು 7 ಅಂಕದಿಂದ. ಮುಖ್ಯ ಪಾಯಿಂಟ್ ಗಾರ್ಡ್ (ಚೆಂಡು ಮುಂದೆ ತಂದು ಆಟ ನಡೆಸುವವನು) ಒಳಗಿದ್ದ 32 ನಿಮಿಷದಲ್ಲಿ ನಾವು 4 ಅಂಕ ಮುಂದಿದ್ದೆವು. ಅವನು ಬೆಂಚಿನಲ್ಲಿ ನೀರು ಕುಡಿಯುತ್ತಿದ್ದ 8 ನಿಮಿಷದಲ್ಲಿ 11 ಅಂಕ ಹಿಂದೆ ಬಿದ್ದೆವು. 21 ಟರ್ನೋವರ್‌ನಲ್ಲಿ 9 ಆ 8 ನಿಮಿಷದಲ್ಲೇ ಆಗಿತ್ತು. ಹಾಗಾದರೆ ಯಾವ ಜಾಗ ಗಟ್ಟಿ ಮಾಡಬೇಕು? ಪಾಯಿಂಟ್ ಗಾರ್ಡ್ ಜಾಗವನ್ನೇ. ತಂಡದ ಅತ್ಯುತ್ತಮ ಆಟಗಾರ ಆಡುವ ಜಾಗ ಅದು. "ಅಲ್ಲಿ ನಮಗೆ ಚಿಂತೆ ಇಲ್ಲ" ಅಂತ ಎಲ್ಲರೂ ಬಿಟ್ಟಿರುತ್ತಾರೆ. ಅವನ ಹಿಂದೆ ನಿಲ್ಲುವವನು ಇಲ್ಲ ಅನ್ನುವುದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಎಚ್ಚರಿಕೆ: ಒಂದೇ ಪಂದ್ಯದ ಈ ಲೆಕ್ಕ ನಂಬಬೇಡಿ. ಎರಡು ಮೂರು ಅಂಕದ ವ್ಯತ್ಯಾಸಕ್ಕೂ ಬೆಲೆ ಕೊಡಬೇಡಿ, ಒಂದು ಮೂರಂಕದ ಶಾಟ್ ಬಿದ್ದರೆ ಅದು ತಿರುಗುತ್ತದೆ. ಆರರಲ್ಲಿ ನಾಲ್ಕು ಪಂದ್ಯದಲ್ಲಾದರೂ ಅದೇ ಜಾಗದಲ್ಲಿ ಅದೇ ಬಿರುಕು ಕಂಡರೆ ಅದು ನಿಜ.

ಹೆಜ್ಜೆ 4: ಪ್ರತಿ ತಪ್ಪಿನಿಂದ ಎರಡು ಹೆಜ್ಜೆ ಹಿಂದೆ ಹೋಗಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾವು ಅದನ್ನೇ ಮಾಡಿದ್ದೆವು. ಸ್ವಂತ ಅನುಭವವನ್ನೇ ಹೇಳುತ್ತೇನೆ.

ಒಂದು ವರ್ಷ ನಮ್ಮ ತಂಡಕ್ಕೆ 10ರಲ್ಲಿ ಐದೂವರೆ ರಿಬೌಂಡ್ ಕೂಡ ಸಿಗುತ್ತಿರಲಿಲ್ಲ. ಸೆಂಟರ್ ಹುಡುಗ, ಅಂದರೆ ರಿಂಗ್ ಹತ್ತಿರ ಆಡುವವನು, 6 ಅಡಿ 2 ಅಂಗುಲ ಇದ್ದ. "ಇವನಿಗಿಂತ ಎತ್ತರದವನು ಬೇಕು" ಅಂತ ನಾನೂ ತೀರ್ಮಾನಿಸಿಬಿಟ್ಟಿದ್ದೆ. ಆ ಹುಡುಗನ ಎದುರಿಗೇ ಹೇಳಿಯೂ ಇದ್ದೆ. ಅದು ಈಗಲೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಒಂದು ಸಂಜೆ ಕೂತು ಒಂದು ಪಂದ್ಯದಲ್ಲಿ ಕಳೆದುಕೊಂಡ 14 ರಿಬೌಂಡ್‌ಗಳನ್ನು ಒಂದೊಂದಾಗಿ ನೋಡಿದೆ. ಚೆಂಡು ಎದುರಾಳಿಯ ಕೈಗೆ ಸಿಕ್ಕ ಕ್ಷಣಕ್ಕೆ ವಿಡಿಯೊ ನಿಲ್ಲಿಸುವುದು, ಅಲ್ಲಿಂದ ಹಿಂದಕ್ಕೆ ಎಳೆಯುವುದು. 14ರಲ್ಲಿ 9 ಸಲ ನಮ್ಮ ಸೆಂಟರ್ ತನ್ನ ಆಟಗಾರನ ಹತ್ತಿರ ಇರಲೇ ಇಲ್ಲ. ಯಾಕೆ ಇರಲಿಲ್ಲ? ಇನ್ನೂ ಹಿಂದಕ್ಕೆ ಎಳೆದೆ. ಎಡಗಡೆಯ ಗಾರ್ಡ್ ಮಂಡಿ ಬಗ್ಗಿಸದೆ ನೆಟ್ಟಗೆ ನಿಂತಿದ್ದಾನೆ. ಒಳಗಿನ ಕಾಲು ಮುಂದೆ, ಬೇಸ್‌ಲೈನ್ (ರಿಂಗ್ ಹಿಂದಿನ ಗೆರೆ) ಕಡೆಯ ಕಾಲು ಹಿಂದೆ. ಅಂದರೆ ಬೇಸ್‌ಲೈನ್ ಕಡೆ ಬಾಗಿಲು ತೆರೆದಿಟ್ಟ ಹಾಗೆ. ಎದುರಾಳಿ ಒಂದೇ ಡ್ರಿಬಲ್‌ನಲ್ಲಿ ಅವನನ್ನು ದಾಟುತ್ತಾನೆ. ರಿಂಗ್ ಕಾಯಲು ಸೆಂಟರ್ ಓಡಿ ಬರುತ್ತಾನೆ. ಶಾಟ್ ತಪ್ಪುತ್ತದೆ, ನಿಜ. ಆದರೆ ಸೆಂಟರ್ ಬಿಟ್ಟುಬಂದ ಆಟಗಾರ ಒಬ್ಬನೇ ನಿಂತು ಚೆಂಡು ಹಿಡಿದು ಹಾಕುತ್ತಾನೆ.

ನೋಡುವವರ ಕಣ್ಣಿಗೆ ಅದು ಸೆಂಟರ್‌ನ ತಪ್ಪು. ಅವನ 5 ಫೌಲ್‌ನಲ್ಲಿ 3 ಕೂಡ ಹೀಗೆ ನೆರವಿಗೆ ಓಡಿ ಬಿದ್ದದ್ದೇ. 6 ಅಡಿ 6 ಅಂಗುಲದವನನ್ನು ತಂದಿದ್ದರೂ ಅವನೂ ಓಡಿ ಬರಬೇಕಾಗಿತ್ತು, ಅವನ ಹಿಂದೆಯೂ ಜಾಗ ಖಾಲಿ ಆಗುತ್ತಿತ್ತು.

ನಮಗೆ ಬೇಕಾಗಿದ್ದದ್ದು ಚೆಂಡಿನ ಎದುರು ನಿಲ್ಲುವ ಗಾರ್ಡ್. ಬೆಂಚಿನಲ್ಲೇ ಒಬ್ಬ ಇದ್ದ. 5 ಅಡಿ 7 ಅಂಗುಲ, ಶಾಟ್ ಅಷ್ಟಕ್ಕಷ್ಟೇ, ಆದರೆ ಕಾಲು ಚುರುಕು. ಅವನಿಗೆ ಆ ಜಾಗ ಕೊಟ್ಟೆವು. ಸೆಂಟರ್ ಅವನೇ ಇದ್ದ. ಮುಂದಿನ ಸೀಸನ್‌ನಲ್ಲಿ ರಿಬೌಂಡ್ 10ಕ್ಕೆ 7ರ ಹತ್ತಿರ ಬಂತು.

ಟರ್ನೋವರ್‌ಗೂ ಇದನ್ನೇ ಮಾಡಿ. ತಪ್ಪು ಪಾಸ್ ಕೊಟ್ಟವನ ಹೆಸರು ಬರೆದು ಸುಮ್ಮನಾಗಬೇಡಿ. ಆ ಕ್ಷಣದಲ್ಲಿ ಪಾಸ್ ತೆಗೆದುಕೊಳ್ಳಲು ಯಾರಾದರೂ ಬಿಡಿಸಿಕೊಂಡು ಬಂದಿದ್ದರೇ ನೋಡಿ. ನಾಲ್ವರೂ ನಿಂತಲ್ಲೇ ನಿಂತಿದ್ದರೆ ಅದು ಪಾಯಿಂಟ್ ಗಾರ್ಡ್ ತಪ್ಪಲ್ಲ.

ಹೆಜ್ಜೆ 5: ಜಾಗದ ಹೆಸರು ಬಿಡಿ, ಕೆಲಸ ಬರೆಯಿರಿ

"ಪವರ್ ಫಾರ್ವರ್ಡ್ ಬೇಕು" ಅಂತ ಬರೆದರೆ ಯಾರನ್ನು ಹುಡುಕುತ್ತೀರಿ? "ಪ್ರೆಸ್ (ಎದುರಾಳಿ ಕೋರ್ಟ್ ಪೂರ್ತಿ ಅಡ್ಡಗಟ್ಟುವುದು) ಬಿದ್ದಾಗ 8 ಸೆಕೆಂಡಿನೊಳಗೆ ಚೆಂಡನ್ನು ಅರ್ಧ ಗೆರೆ ದಾಟಿಸುವವನು ಬೇಕು" ಅಂತ ಬರೆಯಿರಿ. "ಮೂಲೆಯಿಂದ, ಅಂದರೆ 6.60 ಮೀಟರಿನಿಂದ, ಎದುರಿಗೆ ಯಾರೂ ಇಲ್ಲದ ಶಾಟ್ ಹಾಕುವವನು", "ಶಾಟ್ ಎದ್ದ ತಕ್ಷಣ ತಿರುಗಿ ಬಾಕ್ಸ್‌ಔಟ್ ಮಾಡುವವನು (ಎದುರಾಳಿಯನ್ನು ಬೆನ್ನಿನಿಂದ ರಿಂಗ್‌ನಿಂದ ದೂರ ಇಡುವವನು)" ಅಂತ ಬರೆಯಿರಿ.

ಹೀಗೆ ಬರೆದಾಗ ಎಷ್ಟೋ ಸಲ ಆ ಕೆಲಸವನ್ನು ಬೇರೆ ಜಾಗದ ಹುಡುಗನೂ ಮಾಡಬಹುದು ಅಂತ ತಿಳಿಯುತ್ತದೆ. ಚೆಂಡು ದಾಟಿಸುವ ಕೆಲಸವನ್ನು ಒಬ್ಬ ಒಳ್ಳೆಯ ಸ್ಮಾಲ್ ಫಾರ್ವರ್ಡ್ ಕೂಡ ಮಾಡಬಲ್ಲ. ಒಂದೇ ಒಂದು ಕೆಲಸ ಆರಿಸಿ, ಹೆಚ್ಚೆಂದರೆ ಎರಡು. ಐದು ಕೆಲಸದ ಪಟ್ಟಿ ಮಾಡಿದರೆ ನೀವು ಇನ್ನೂ ತೀರ್ಮಾನ ಮಾಡಿಲ್ಲ ಅಂತಲೇ ಅರ್ಥ.

ಹೆಜ್ಜೆ 6: ಯಾರು ಹೋಗುತ್ತಾರೆ?

ಇದು ಚಿಕ್ಕ ಕೆಲಸ, ಆದರೆ ಮರೆತರೆ ಎಲ್ಲ ಲೆಕ್ಕ ತಲೆಕೆಳಗು. ಕೊನೆಯ ವರ್ಷದವರು, ಸೈನ್ಯದ ಭರ್ತಿಗೋ ಪೊಲೀಸ್ ಭರ್ತಿಗೋ ತಯಾರಾಗುತ್ತಿರುವವರು, ಬೆಂಗಳೂರು ಪುಣೆಗೆ ಕೆಲಸಕ್ಕೆ ಹೊರಟವರು ಯಾರು ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಎಲ್ಲರ ಮುಂದೆ ಕೇಳಿದರೆ "ಇರ್ತೀನಿ ಸರ್" ಅನ್ನುತ್ತಾರೆ. ಅವರ ಹೆಸರು ಹೊಡೆದು ಹೆಜ್ಜೆ 3ರ ಪುಟವನ್ನು ಮತ್ತೊಮ್ಮೆ ನೋಡಿ. ಹೋಗುವವನ ಕೆಲಸ ಮಾಡಲು ಯಾರೂ ಇಲ್ಲದಿದ್ದರೆ, ಗಟ್ಟಿ ಮಾಡಬೇಕಾದ ಜಾಗ ಅಲ್ಲಿಗೆ ಬದಲಾಗುತ್ತದೆ.

ಹೆಜ್ಜೆ 7: ಬೆಳೆಸುವುದೋ, ಹೊರಗಿನಿಂದ ತರುವುದೋ?

ಮೂರು ತಿಂಗಳಲ್ಲಿ ಕಲಿಸಬಹುದಾದದ್ದು ಇದೆ: ಬಾಕ್ಸ್‌ಔಟ್, ಡಿಫೆನ್ಸ್‌ನಲ್ಲಿ ಕಾಲು ಇಡುವ ರೀತಿ, ಎಡಗೈ ಡ್ರಿಬಲ್, ಫ್ರೀ ಥ್ರೋ. ಮೂರು ತಿಂಗಳಲ್ಲಿ ಬರದೇ ಇರುವುದೂ ಇದೆ: ಎತ್ತರ, ಪ್ರೆಸ್‌ನಲ್ಲಿ ಗಾಬರಿಯಾಗದೆ ಎಲ್ಲಿ ಯಾರಿದ್ದಾರೆ ಅಂತ ನೋಡುವ ಕಣ್ಣು, ವರ್ಷಗಟ್ಟಲೆ ತಪ್ಪಾಗಿ ಎಸೆದವನ ಶಾಟ್. ಮೊದಲ ಗುಂಪಿನ ಕೆಲಸಕ್ಕೆ ಹೊರಗಿನವರನ್ನು ಹುಡುಕಬೇಡಿ. ನಿಮ್ಮ ಬೆಂಚನ್ನೇ ನೋಡಿ. ಎರಡನೇ ಗುಂಪಿಗೆ ಮಾತ್ರ ಹೊಸಬ ಬೇಕು.

ಕಾಲೇಜು ತಂಡದವರು ಇನ್ನೊಂದು ನೆನಪಿಡಿ. ಆಡುವವನು ನಿಮ್ಮ ಕಾಲೇಜಿನಲ್ಲಿ ಪ್ರವೇಶ ಪಡೆದಿರಲೇಬೇಕು. ಇಂಜಿನಿಯರಿಂಗ್ ಕಾಲೇಜಿನವರು ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ನಿಯಮವನ್ನು, ಡಿಗ್ರಿ ಕಾಲೇಜಿನವರು ತಮ್ಮ ವಿಶ್ವವಿದ್ಯಾಲಯದ ನಿಯಮವನ್ನು ಮೊದಲೇ ಓದಿಕೊಳ್ಳಿ. ಅಡ್ಮಿಷನ್ ಮುಗಿದ ಮೇಲೆ ಜಾಗ ಖಾಲಿ ಇದೆ ಅಂತ ಗೊತ್ತಾದರೆ ಏನೂ ಮಾಡಲಾಗದು.

ಹೆಜ್ಜೆ 8: ಆ ಕೆಲಸಕ್ಕೇ ಟ್ರಯಲ್ ಇಡಿ

ಟ್ರಯಲ್ ಅಂದರೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಲೇಅಪ್ ಹಾಕಿಸುವುದು, ಎತ್ತರ ಅಳೆಯುವುದು. ಎಲ್ಲ ಕಡೆ ಇದೇ ನಡೆಯುತ್ತದೆ. ಒಬ್ಬನೇ ನಿಂತು ಶಾಟ್ ಹಾಕುವವನು ಐವರ ನಡುವೆ ಹಾಕುತ್ತಾನೆ ಅಂತ ಹೇಳಲಾಗದು.

ಹೊಸಬನನ್ನು ನಿಮ್ಮ ನಾಲ್ವರ ಜೊತೆ ಸೇರಿಸಿ, ಎದುರಿಗೆ ನಿಮ್ಮದೇ ಐವರನ್ನು ನಿಲ್ಲಿಸಿ. ಚೆಂಡು ದಾಟಿಸುವವನು ಬೇಕಿದ್ದರೆ ಪೂರ್ತಿ ಕೋರ್ಟ್ ಪ್ರೆಸ್ ಹಾಕಿ 10 ಸಲ ಚೆಂಡು ಕೊಡಿ. ಎಷ್ಟು ಸಲ ದಾಟಿಸಿದ ಎಣಿಸಿ. ಅದನ್ನೇ ಎರಡು ದಿನ ಮಾಡಿ. ಎರಡನೇ ದಿನ ಮೊದಲು ಇಪ್ಪತ್ತು ನಿಮಿಷ ಓಡಿಸಿ ದಣಿಸಿ, ಆಮೇಲೆ ಪರೀಕ್ಷಿಸಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಅವನು ಹೇಗಿರುತ್ತಾನೆ ಅನ್ನುವುದು ಆಗ ಕಾಣುತ್ತದೆ.

ಅವನು ಮಾತಾಡುತ್ತಾನೆಯೇ ಅಂತಲೂ ಕೇಳಿಸಿಕೊಳ್ಳಿ. ಬೆಳಗಾವಿಯ ಕೋರ್ಟ್‌ನಲ್ಲಿ ಕನ್ನಡ, ಮರಾಠಿ ಎರಡೂ ಓಡುತ್ತವೆ. ಯಾವ ಭಾಷೆಯಾದರೂ ಸರಿ, ಸ್ಕ್ರೀನ್ (ನಮ್ಮವನ ದಾರಿಗೆ ಎದುರಾಳಿ ಅಡ್ಡ ನಿಲ್ಲುವುದು) ಬಂದಾಗ ಕೂಗಿ ಹೇಳಬೇಕು. ಎಡ, ಬಲ, ಸ್ಕ್ರೀನ್, ಬದಲು, ಈ ನಾಲ್ಕು ಮಾತಿಗೆ ಇಡೀ ತಂಡ ಒಂದೇ ಪದ ಬಳಸುವ ಹಾಗೆ ಮೊದಲ ದಿನವೇ ಒಪ್ಪಿಕೊಳ್ಳಿ.

ಕೆಲವು ಎಚ್ಚರಿಕೆಯ ಗುರುತುಗಳಿವೆ. ತನ್ನ ಆಟಗಾರ ದಾಟಿಹೋದಾಗ ನಿಂತು ಬೇರೆಯವರ ಕಡೆ ಕೈ ತೋರಿಸುವವನು. ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡದವನು. "ಅವ ನಮ್ಮ ಪರಿಚಯದವರ ಹುಡುಗ, ತಗೋರಿ" ಅಂತ ಬರುವ ಫೋನ್. ಇವುಗಳಲ್ಲಿ ಒಂದು ಕಂಡರೂ ಹೆಜ್ಜೆ 5ರಲ್ಲಿ ನಿಮ್ಮ ನೋಟ್‌ಬುಕ್‌ನಲ್ಲಿ ಬರೆದ ಆ ಕೆಲಸದ ಸಾಲನ್ನು ಮತ್ತೆ ಓದಿ.

ಹೆಜ್ಜೆ 9: ಹವಾಮಾನ ನೋಡಿ ದಿನ ಹಂಚಿ

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆದ ಸಿಮೆಂಟ್ ಕೋರ್ಟ್ ಸಂಜೆ ಐದಕ್ಕೂ ಕಾದಿರುತ್ತದೆ. ಬೆಳಿಗ್ಗೆ 6ರಿಂದ 8ರ ಒಳಗೆ ಮುಗಿಸಿ. ಲೆಕ್ಕ, ವಿಡಿಯೊ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಬೆಳಗಾವಿಯವರಿಗೆ ಜೂನ್‌ನಿಂದ ಮಳೆ. ಜುಲೈನಲ್ಲಿ ತೆರೆದ ಕೋರ್ಟ್ ಪಾಚಿ ಕಟ್ಟಿ ಜಾರುತ್ತದೆ. ಅಲ್ಲಿ ಟ್ರಯಲ್ ಇಟ್ಟರೆ ಹುಡುಗರು ಕಾಲು ಉಳುಕಿಸಿಕೊಳ್ಳುತ್ತಾರೆ. ಹಾಗಾಗಿ ಟ್ರಯಲ್ ಮೇ ಕೊನೆಯೊಳಗೆ ಆಗಲಿ. ಒಳಾಂಗಣ ಕೋರ್ಟ್ ಸಿಗದಿದ್ದರೆ ಮಳೆಯಲ್ಲಿ ಕಾಲಿನ ಕೆಲಸ, ಎಡಗೈ ಡ್ರಿಬಲ್ ಎಲ್ಲವನ್ನೂ ಕಾಲೇಜಿನ ವರಾಂಡದಲ್ಲೇ ಮಾಡಿಸಿ.

ಹೆಜ್ಜೆ 10: ನಾಲ್ಕು ಸ್ನೇಹ ಪಂದ್ಯದ ನಂತರ ಅದೇ ಪುಟ ತೆರೆಯಿರಿ

ಸೀಸನ್‌ಗೆ ಮೊದಲು ನಾಲ್ಕು ಸ್ನೇಹ ಪಂದ್ಯ ಆಡಿ. ಹೊಸದೇನೂ ಎಣಿಸಬೇಡಿ. ಹೆಜ್ಜೆ 2ರಲ್ಲಿ ಯಾವ ಲೆಕ್ಕ ಕೆಟ್ಟಿತ್ತೋ ಅದೊಂದನ್ನೇ ಎಣಿಸಿ. 80 ಪೊಸೆಷನ್‌ಗೆ 21 ಟರ್ನೋವರ್ ಇದ್ದದ್ದು 16ಕ್ಕೆ ಬಂದಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಇಳಿದಿಲ್ಲ ಅಂದರೆ ಹೊಸ ಹುಡುಗನಿಗೆ ಬೈಯುವ ಮೊದಲು ಒಂದು ನೋಡಿ. ಪ್ರೆಸ್ ಬಿದ್ದಾಗ ಚೆಂಡು ನಿಜವಾಗಿ ಅವನ ಕೈಗೆ ಹೋಗುತ್ತಿದೆಯೇ? ಹಳೆಯ ಹುಡುಗರು ಅಭ್ಯಾಸದ ಮೇಲೆ ಚೆಂಡನ್ನು ಹಳಬನಿಗೇ ಕೊಡುತ್ತಿರುತ್ತಾರೆ. ಅವನು ಬೆಂಚಿನಲ್ಲಿದ್ದರೆ ಯಾರಿಗೆ ಕೊಡಬೇಕು ಅಂತ ತಿಳಿಯದೆ ತಡಬಡಿಸುತ್ತಾರೆ. ಹಾಗಿದ್ದರೆ ಎರಡು ವಾರದ ಅಭ್ಯಾಸದಲ್ಲಿ ಮೊದಲ ಪಾಸ್ ಹೊಸಬನಿಗೇ ಅಂತ ಕಟ್ಟುನಿಟ್ಟು ಮಾಡಿ, ಆಮೇಲೆ ಇನ್ನೆರಡು ಪಂದ್ಯ ಆಡಿ ಮತ್ತೆ ಎಣಿಸಿ.